10 ಅಡಿಯ ಬ್ಯಾಕ್‌ಡ್ರಾಪ್ ಸ್ಟ್ಯಾಂಡಿನ ಅಡ್ಡಕೋಲು ಬಾಗುತ್ತಿದೆ: ಕಡಿಮೆ ಬೆಲೆಗೆ ಗಟ್ಟಿಯಾದದ್ದು ಯಾವುದು?

ಹೇಮಾವತಿ_ತೀರ:
ಎಲ್ಲರಿಗೂ ನಮಸ್ಕಾರ. ಹಾಸನದ ಸುತ್ತಮುತ್ತ ಶಾಲಾ ಮಕ್ಕಳ ಗುರುತಿನ ಚೀಟಿಯ ಫೋಟೋಗಳನ್ನೂ, ಮನೆಗಳಲ್ಲಿ ಸೀಮಂತ, ನಾಮಕರಣದ ಫೋಟೋಗಳನ್ನೂ ತೆಗೆಯುತ್ತೇನೆ. ಆನ್‌ಲೈನಿನಲ್ಲಿ ತರಿಸಿದ ಸ್ಟ್ಯಾಂಡಿಗೆ ಪರದೆ ಹಾಕಿದ ಕೂಡಲೇ ಅಡ್ಡಕೋಲು ನಡುವೆ ಜೋತುಬಿದ್ದು, ಎರಡೂ ಕಂಬಗಳು ಒಳಕ್ಕೆ ವಾಲುತ್ತವೆ. ಪರದೆಯ ಮೇಲ್ಭಾಗದಲ್ಲಿ ಬಿಲ್ಲಿನಂತೆ ಬಾಗಿದ ಸುಕ್ಕುಗಳು ಮೂಡುತ್ತವೆ. ಅವನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಅಳಿಸುವುದರಲ್ಲೇ ರಾತ್ರಿ ಕಳೆಯುತ್ತದೆ. ಮಾರಿದವರು ಸ್ಟ್ಯಾಂಡಿನಲ್ಲಿ ದೋಷವಿಲ್ಲ ಎನ್ನುತ್ತಾರೆ. 3,000 ರೂಪಾಯಿಯೊಳಗೆ, ಸ್ಕೂಟರಿನಲ್ಲಿ ಒಯ್ಯಬಹುದಾದ, ಬಾಗದ ಸ್ಟ್ಯಾಂಡ್ ಯಾವುದೆಂದು ದಯವಿಟ್ಟು ತಿಳಿಸಿ.

ಹಳೆಯ_ನಿಕಾನ್:
ಸರ್, ತೊಂದರೆ ಕಾಲುಗಳಲ್ಲಿದೆ. ಅನೇಕರು ಮೂರು ಕಾಲುಗಳನ್ನು ಅರ್ಧ ಮಾತ್ರ ಬಿಡಿಸಿ ತಿರುಪು ಬಿಗಿಯುತ್ತಾರೆ. ಬುಡದ ಹರವು ಕಡಿಮೆಯಾದರೆ ಕಂಬ ವಾಲದೆ ಇರದು. ಕಾಲುಗಳನ್ನು ಅಗಲವಾಗಿ ಬಿಡಿಸಿ, ನಡುಕೊಳವೆ ನೆಲಕ್ಕೆ ತಾಗದಂತೆ ಬಿಗಿಯಿರಿ.

ಹೇಮಾವತಿ_ತೀರ:
ಕಾಲುಗಳನ್ನು ಪೂರ್ತಿಯಾಗಿಯೇ ಬಿಡಿಸುತ್ತೇನೆ ಸರ್. ವಾಲುವುದು ಆಮೇಲಿನ ಮಾತು, ಮೊದಲು ಬಾಗುವುದು ಅಡ್ಡಕೋಲು.

ಕಾಗದ_ಸುರುಳಿ:
ಬಟ್ಟೆಯನ್ನು ಬಿಟ್ಟು ಕಾಗದಕ್ಕೆ ಬನ್ನಿ. 2.72 ಮೀಟರ್ ಅಗಲದ, 11 ಮೀಟರ್ ಉದ್ದದ ಸುರುಳಿಯನ್ನು ಕೋಲಿಗೆ ಪೋಣಿಸಿದರೆ ಸುಕ್ಕಿನ ಪ್ರಶ್ನೆಯೇ ಏಳುವುದಿಲ್ಲ. ಒಳಗಿನ ರಟ್ಟಿನ ಕೊಳವೆಯೂ ಭಾರಕ್ಕೆ ಹೆಗಲು ಕೊಡುತ್ತದೆ. ಕೊಳೆಯಾದಷ್ಟನ್ನು ಕತ್ತರಿಸಿ ಎಸೆದರೆ ಮತ್ತೆ ಹೊಸ ನೆಲ ಸಿಗುತ್ತದೆ.

ಹಳೆಯ_ನಿಕಾನ್:
ಆ ಸುರುಳಿಯನ್ನು ಸ್ಕೂಟರಿನಲ್ಲಿ ಒಯ್ಯುವುದು ಹೇಗೆ? ಸುಮಾರು 9 ಅಡಿ ಉದ್ದ, ಏಳೆಂಟು ಕಿಲೋ ತೂಕ, ಮೇಲೆ ಹಾಸನದ ಮಳೆಗಾಲ. ಇಂತಹ ಸಲಹೆ ಸ್ಟುಡಿಯೋ ಇರುವವರಿಗೆ ಸರಿ. ಕೇಳಿದವರು ಇನ್ನೊಮ್ಮೆ ಕಾಲಿನ ತಿರುಪುಗಳನ್ನು ಪರೀಕ್ಷಿಸಲಿ. ಪ್ಲಾಸ್ಟಿಕ್ ತಿರುಪು ಸವೆದಿದ್ದರೆ ಬಿಗಿದಂತೆ ಕಂಡರೂ ಜಾರುತ್ತಿರುತ್ತದೆ.

ಕಾಗದ_ಸುರುಳಿ:
1.35 ಮೀಟರ್ ಅಗಲದ ಸುರುಳಿಯೂ ಸಿಗುತ್ತದೆ, ಅದು ನಾಲ್ಕೂವರೆ ಅಡಿಯೂ ಇಲ್ಲ. ಗುರುತಿನ ಚೀಟಿಗೆ ಅದು ಧಾರಾಳವಾಗಿ ಸಾಕು. ಓದದೆ ತಳ್ಳಿಹಾಕಬೇಡಿ.

ಮೈಸೂರು_ಬೆಳಕು:
ನನ್ನ ಕೊಠಡಿಯಲ್ಲಿ ನೆಲಕ್ಕೂ ತಾರಸಿಗೂ ನಡುವೆ ಒತ್ತಿ ನಿಲ್ಲುವ ಎರಡು ಕಂಬಗಳಿವೆ. ಮೂರು ಬಣ್ಣದ ಕಾಗದ ಒಂದರ ಕೆಳಗೊಂದು ಇವೆ, ಸರಪಳಿ ಎಳೆದರೆ ಬೇಕಾದದ್ದು ಇಳಿಯುತ್ತದೆ. ಇದುವರೆಗೆ ಎಳ್ಳಷ್ಟೂ ಬಾಗಿಲ್ಲ. ದುಡ್ಡು ಹಾಕುವುದಾದರೆ ಅಂಥದ್ದಕ್ಕೇ ಹಾಕಬೇಕೆಂಬುದು ನನ್ನ ಅನುಭವ.

ಹೇಮಾವತಿ_ತೀರ:
ಹಂಚಿನ ಮನೆಯಲ್ಲಿ ಯಾವ ತಾರಸಿಗೆ ಒತ್ತಿ ನಿಲ್ಲಿಸಲಿ ಸರ್? ನಾನು ಕೇಳಿದ್ದು ಒಯ್ಯುವ ಸ್ಟ್ಯಾಂಡಿನ ಬಗ್ಗೆ. ಗಟ್ಟಿಯಾದ ಒಂದು ಸ್ಟ್ಯಾಂಡಿನ ಹೆಸರನ್ನಾದರೂ ಯಾರಾದರೂ ಹೇಳಬಾರದೇ?

ತೂಕ_ಅಳತೆ:
ಹೆಸರು ಹೇಳುವ ಮೊದಲು ನಾಲ್ಕು ವಿಷಯ ತಿಳಿಯಬೇಕು. ಪರದೆ ಯಾವ ಬಟ್ಟೆಯದು, ಎಷ್ಟು ಉದ್ದಗಲ? ಅಡ್ಡಕೋಲು ಎಷ್ಟು ತುಂಡುಗಳದು? ಕ್ಯಾಮೆರಾ ಎಷ್ಟು ದೂರದಲ್ಲಿ, ಯಾವ ಲೆನ್ಸಿನಲ್ಲಿ? ಕುಳಿತವರಿಗೂ ಪರದೆಗೂ ನಡುವೆ ಅಂತರವೆಷ್ಟು?

ಹೇಮಾವತಿ_ತೀರ:
ಕಪ್ಪು ವೆಲ್ವೆಟ್, ಹಿಂದೆ ಕಾಟನ್ ಅಸ್ತರು ಹೊಲಿಸಿದ್ದೇನೆ. 10 ಅಡಿ ಅಗಲ, 12 ಅಡಿ ಉದ್ದ; ನೆಲಕ್ಕೆ ಹಾಸದಿದ್ದಾಗ ಹೆಚ್ಚಿನ ಬಟ್ಟೆಯನ್ನು ಕೋಲಿನ ಹಿಂದಕ್ಕೆ ಇಳಿಬಿಡುತ್ತೇನೆ. ಅಡ್ಡಕೋಲು ಎರಡೂವರೆ ಅಡಿಯ ನಾಲ್ಕು ಅಲ್ಯೂಮಿನಿಯಂ ತುಂಡುಗಳದು. ಲೆನ್ಸ್ 18–55 ಮಿ.ಮೀ. ಜೂಮ್, ಸಾಮಾನ್ಯವಾಗಿ 40ರ ಆಸುಪಾಸಿನಲ್ಲಿರುತ್ತದೆ. ಕ್ಯಾಮೆರಾ 10 ಅಡಿ ದೂರ. ಕುಳಿತವರ ಹಿಂದೆ ಪರದೆ 5 ಅಡಿ.

ತೂಕ_ಅಳತೆ:
ಈಗ ಚಿತ್ರ ಸ್ಪಷ್ಟವಾಯಿತು. ಇಂತಹ ಸ್ಟ್ಯಾಂಡುಗಳ ಜೊತೆಗೆ ಬರುವುದು ತೆಳುವಾದ ಪಾಲಿಯೆಸ್ಟರ್ ಪರದೆ, ಅಡ್ಡಕೋಲು ತಾಳುವುದೂ ಅಷ್ಟನ್ನೇ. ನಿಮ್ಮ ಕೋಲು ವೆಲ್ವೆಟ್, ಅಸ್ತರು, ಹಿಂದೆ ಇಳಿಬಿಟ್ಟ ಬಟ್ಟೆ ಮೂರನ್ನೂ ಹೊತ್ತಿದೆ. ಮೊದಲು ಅಸ್ತರನ್ನು ಬಿಚ್ಚಿಸಿ. ಹೆಚ್ಚುವರಿ ಬಟ್ಟೆಯನ್ನು ಕೋಲಿನ ಮೇಲೆ ಹೇರದೆ, ಪರದೆಯ ಬುಡದಲ್ಲಿ ಸುತ್ತಿ ನೆಲಕ್ಕೆ ಇಡಿ.

ಇದಕ್ಕಿಂತ ಮುಖ್ಯವಾದದ್ದು ಅಡ್ಡಕೋಲಿನ ಉದ್ದ. ಉದ್ದಕ್ಕೂ ಸಮನಾಗಿ ಭಾರ ಹೊತ್ತ ಕೋಲಿನ ಬಾಗು ಅದರ ಉದ್ದದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. 10 ಅಡಿಯನ್ನು ಏಳೂವರೆಗೆ ಇಳಿಸಿ, ಬಟ್ಟೆಯನ್ನೂ ಅಷ್ಟೇ ಅಗಲಕ್ಕೆ ಕತ್ತರಿಸಿದರೆ, ಬಾಗು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಇನ್ನೊಂದು ಸಂಗತಿಯನ್ನು ಗಮನಿಸಿ: ನಾಲ್ಕು ತುಂಡುಗಳನ್ನು ಜೋಡಿಸಿದಾಗ ಒಂದು ಕೀಲು ಸರಿಯಾಗಿ ನಟ್ಟನಡುವೆ, ಅಂದರೆ ಕೋಲಿನ ಮೇಲೆ ಒತ್ತಡ ಅತಿ ಹೆಚ್ಚಿರುವ ಜಾಗದಲ್ಲೇ ಬೀಳುತ್ತದೆ, ಅಲ್ಲಿ ಒಂದಿಷ್ಟು ಸಡಿಲವಿದ್ದರೂ ಕೋಲು ಮುರಿದ ಹಾಗೆ ತಗ್ಗುತ್ತದೆ. ಮೂರು ತುಂಡುಗಳಾದರೆ ನಡುವೆ ಅಖಂಡ ಕೊಳವೆಯೇ ಬರುತ್ತದೆ.

ಹೇಮಾವತಿ_ತೀರ:
ಏಳೂವರೆ ಅಡಿ ಸಾಲದು. ಸೀಮಂತದಲ್ಲಿ ದಂಪತಿಯ ಪಕ್ಕ ಇಬ್ಬರು ಹಿರಿಯರು ಕುಳಿತರೆ ಆಚೀಚೆ ಗೋಡೆ ಕಾಣುತ್ತದೆ.

ತೂಕ_ಅಳತೆ:
ಗೋಡೆ ಕಾಣುವುದು ನೀವು ನಿಂತ ಜಾಗದಿಂದ. ಕುಳಿತವರ ಸಾಲು 6 ಅಡಿ ಅಗಲ ಎಂದುಕೊಳ್ಳಿ. ಕ್ಯಾಮೆರಾ 10 ಅಡಿಯಲ್ಲಿದ್ದು ಪರದೆ ಅವರ ಹಿಂದೆ ಇನ್ನೂ 5 ಅಡಿ ಇದ್ದರೆ, ಅದೇ ಚೌಕಟ್ಟು ಪರದೆಯ ಬಳಿ 9 ಅಡಿಯಾಗಿರುತ್ತದೆ. 15 ಅಡಿಗೆ ಹಿಂದೆ ಸರಿದು, ಲೆನ್ಸನ್ನು 55ಕ್ಕೆ ತಂದು, ಪರದೆಯನ್ನು ಅವರ ಹಿಂದೆ 3 ಅಡಿಗೆ ಎಳೆದುಕೊಂಡರೆ 7 ಅಡಿಯ ಮೇಲೆ ಸ್ವಲ್ಪ ಸಾಕಾಗುತ್ತದೆ. ಫೋಟೋದ ಅಂಚಿನಲ್ಲಿ ಗೋಡೆ ಉಳಿದರೆ ಅದನ್ನು ಕಂಪ್ಯೂಟರಿನಲ್ಲಿ ಕತ್ತರಿಸಬಹುದು. ಬಿಳಿ ಪರದೆಯಾಗಿದ್ದರೆ ಇಷ್ಟು ಹತ್ತಿರದಲ್ಲಿ ಫ್ಲ್ಯಾಶಿನ ನೆರಳು ಬೀಳುತ್ತಿತ್ತು. ಕಪ್ಪು ವೆಲ್ವೆಟ್ ನೆರಳನ್ನು ನುಂಗಿಕೊಳ್ಳುತ್ತದೆ, ಆ ಅನುಕೂಲವನ್ನು ಬಳಸಿಕೊಳ್ಳಿ. ಪರದೆಯ ಅಗಲ ನಿಶ್ಚಯವಾದ ಮೇಲೆಯೇ ಸ್ಟ್ಯಾಂಡನ್ನು ಆರಿಸಬೇಕು. 10 ಅಡಿಯ ಅಗ್ಗದ ಸ್ಟ್ಯಾಂಡಿಗಿಂತ ಅದೇ ಬೆಲೆಯ 8 ಅಡಿಯದು ಸಾಮಾನ್ಯವಾಗಿ ಹೆಚ್ಚು ಭದ್ರ.

ಹಳೆಯ_ನಿಕಾನ್:
ಇಷ್ಟೆಲ್ಲ ಲೆಕ್ಕವೇಕೆ? ಹಾರ್ಡ್‌ವೇರ್ ಅಂಗಡಿಯಲ್ಲಿ ಮುಕ್ಕಾಲು ಇಂಚಿನ ಜಿ.ಐ. (ಸತು ಲೇಪಿಸಿದ ಉಕ್ಕಿನ) ಪೈಪ್ ತಂದು ಅಡ್ಡ ಹಾಕಿದರೆ ಮುಗಿಯಿತು. ಉಕ್ಕು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಬಿಗಿ.

ತೂಕ_ಅಳತೆ:
ಬಿಗಿ ಹೌದು, ತೂಕವೂ ಹಾಗೆಯೇ ಮೂರು ಪಟ್ಟು. 10 ಅಡಿಯ ಆ ಪೈಪ್ ಒಂದೇ 4 ಕಿಲೋ ಮೀರುತ್ತದೆ. ತೆಳುವಾದ ಕಂಬಗಳ ತುದಿಯಲ್ಲಿ ಅದನ್ನು ಏರಿಸಿ, ಕೆಳಗೆ ಒಂದನೇ ತರಗತಿಯ ಮಕ್ಕಳನ್ನು ಕೂರಿಸಲು ನಾನಂತೂ ಒಪ್ಪುವುದಿಲ್ಲ. ಬದಲಿಸಲೇಬೇಕೆಂದಿದ್ದರೆ ಅಲ್ಯೂಮಿನಿಯಂನಲ್ಲೇ ದಪ್ಪನೆಯದನ್ನು ಆರಿಸಿ. ಕೊಳವೆಯ ತಗಡಿನ ದಪ್ಪ ಅಷ್ಟೇ ಇದ್ದು, ಅದರ ಹೊರವ್ಯಾಸ 19 ಮಿ.ಮೀ.ನಿಂದ 25ಕ್ಕೆ ಏರಿದರೆ ಬಿಗಿತ ಎರಡು ಪಟ್ಟಿಗೂ ಹೆಚ್ಚುತ್ತದೆ. ಕೊಳ್ಳುವಾಗ ಕಂಬದ ಎತ್ತರಕ್ಕಿಂತ ಮೊದಲು ಈ ವ್ಯಾಸವನ್ನು ಕೇಳಬೇಕು. ವಿವರಣೆಯಲ್ಲಿ ಅದನ್ನು ಬರೆಯದ ಸ್ಟ್ಯಾಂಡನ್ನು ನಾನು ಕೊಳ್ಳುವುದಿಲ್ಲ.

ಹೇಮಾವತಿ_ತೀರ:
ಅಸ್ತರು ಬಿಚ್ಚಿಸಿ, ಬಟ್ಟೆಯನ್ನು ಕತ್ತರಿಸಿ, ಮೂರು ತುಂಡುಗಳಲ್ಲಿ ಕಟ್ಟಿ ನೋಡಿದೆ. ಕೋಲು ಬಹುಮಟ್ಟಿಗೆ ನೇರವಾಗಿದೆ, ಕಂಬಗಳು ವಾಲುತ್ತಿಲ್ಲ, ಬಿಲ್ಲಿನ ಸುಕ್ಕುಗಳೂ ಹೋಗಿವೆ. ಹೊಸ ಸ್ಟ್ಯಾಂಡ್ ಸದ್ಯಕ್ಕೆ ಬೇಡ. ಆದರೆ ಶಾಲೆಯ ಜಗಲಿಯಲ್ಲಿ ಗಾಳಿ ಬಂದರೆ ಇಡೀ ಪರದೆ ಮುಂದಕ್ಕೆ ಬರುತ್ತದೆ. ಮಕ್ಕಳು ನೆಲಕ್ಕೆ ಹಾಸಿದ ಬಟ್ಟೆಯನ್ನು ತುಳಿದು ಎಳೆಯುತ್ತಾರೆ.

ತೂಕ_ಅಳತೆ:
ಪ್ರತಿ ಕಂಬದ ಒಂದು ಕಾಲು ನೇರವಾಗಿ ಹಿಂದಕ್ಕೆ ಚಾಚಿರಲಿ, ಮರಳಿನ ಚೀಲವನ್ನು ಆ ಕಾಲಿನ ತುದಿಗೆ ಹಾಕಿ. ಪರದೆ ಮುಂದಕ್ಕೆ ಬೀಳಲು ಹೊರಟಾಗ ಹೆಚ್ಚು ತಡೆಯುವುದು ಹಿಂದಿನ ತೂಕವೇ. ಮರಳನ್ನು ಒಯ್ಯಲಾಗದಿದ್ದರೆ ಖಾಲಿ ಕ್ಯಾನುಗಳನ್ನು ಒಯ್ದು ಶಾಲೆಯ ನಲ್ಲಿಯಲ್ಲಿ ತುಂಬಿಸಿಕೊಳ್ಳಿ, 5 ಲೀಟರ್ ನೀರೆಂದರೆ 5 ಕಿಲೋ. ಗುರುತಿನ ಚೀಟಿಗೆ ಬಟ್ಟೆಯನ್ನು ನೆಲಕ್ಕೆ ಹಾಸುವ ಅಗತ್ಯವೇ ಇಲ್ಲ.

ಕಾಗದ_ಸುರುಳಿ:
ಗುರುತಿನ ಚೀಟಿಗೆ ಬಿಳಿ ಹಿನ್ನೆಲೆ ಕೇಳುವ ಶಾಲೆಗಳಿಗೆ 1.35 ಮೀಟರಿನ ಸುರುಳಿ ಎಂದು ನಾನು ಮೊದಲೇ ಹೇಳಿದ್ದೆ. ಎರಡು ತುಂಡುಗಳ ಅಡ್ಡಕೋಲು ಸಾಕಾಗುತ್ತದೆ.

ಹಳೆಯ_ನಿಕಾನ್:
ಎರಡು ತುಂಡುಗಳಾದರೆ ಕೀಲು ಮತ್ತೆ ನಟ್ಟನಡುವೆ ಬರುತ್ತದೆಯಲ್ಲ?

ಕಾಗದ_ಸುರುಳಿ:
ಬರುತ್ತದೆ, ಆದರೆ ಅದು ರಟ್ಟಿನ ಕೊಳವೆಯ ಒಳಗಿರುತ್ತದೆ. ಉದ್ದವೂ 5 ಅಡಿ ಮಾತ್ರ.

ಹೇಮಾವತಿ_ತೀರ:
ಸುರುಳಿಯ ಬದಲು, ಮಡಚಿದರೆ ತಟ್ಟೆಯಾಕಾರಕ್ಕೆ ಬರುವ 5×7 ಅಡಿಯ ಸ್ಪ್ರಿಂಗ್ ಚೌಕಟ್ಟಿನ ಪರದೆಯನ್ನು ಯಾರಾದರೂ ಬಳಸಿದ್ದೀರಾ? ಒಂದು ಬದಿ ಬಿಳಿ, ಇನ್ನೊಂದು ಬದಿ ಬೂದು ಬಣ್ಣದ್ದು ಸಿಗುತ್ತಿದೆ, ಅಡ್ಡಕೋಲೇ ಬೇಡ. ಜಗಲಿಯ ಗಾಳಿಗೆ ಅದನ್ನು ಒಂದೇ ಕಂಬಕ್ಕೆ ಕಟ್ಟಿದರೆ ನಿಲ್ಲುತ್ತದೆಯೇ ಅಥವಾ ಎರಡು ಬೇಕೇ ಎಂಬುದನ್ನು ಬಳಸಿದವರು ತಿಳಿಸಿದರೆ ಉಪಕಾರವಾಗುತ್ತದೆ.