ಆಡಿಟರ್ ಮೇಡಂ ಹತ್ತಿರ ಕೇಳಿ: ಅಡಿಕೆ ದುಡ್ಡು, ಮನೆ ಲೆಕ್ಕ, ಗಂಡ-ಹೆಂಡತಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ದುರ್ಗಿಗುಡಿಯಲ್ಲಿ ಕಚೇರಿ ಇರುವ ನಮ್ಮ ಆಡಿಟರ್ ಮೇಡಂ ಇವತ್ತು ಸಂಜೆ ಗುಂಪಿನಲ್ಲಿ ಇರುತ್ತಾರೆ. ಮನೆ ಹಣಕಾಸಿನ ಬಗ್ಗೆ ಏನಿದ್ದರೂ ಕೇಳಿ. ಹೆಸರು ಬೇಡ, ಊರು ಸಾಕು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ತೀರ್ಥಹಳ್ಳಿಯವರು: ಮೇಡಂ, ಎರಡೂವರೆ ಎಕರೆ ತೋಟ. ದುಡ್ಡು ಬರುವುದು ವರ್ಷಕ್ಕೊಮ್ಮೆ. ಬಂದಾಗ ಕೈ ಬಿಚ್ಚಿ ಖರ್ಚು, ಆಷಾಢ ಬರುವಷ್ಟರಲ್ಲಿ ಅಡಿಕೆ ಕೊಳ್ಳುವ ಮಂಡಿಯಲ್ಲಿ ಮುಂಗಡ ಸಾಲ. ಇದೇ ಮಾತಿಗೆ ನನಗೂ ಮನೆಯವಳಿಗೂ ಪ್ರತಿ ವರ್ಷ ಜಗಳ.

ಆಡಿಟರ್ ಮೇಡಂ: ಅಡಿಕೆ ದುಡ್ಡು ಬೀಳುವ ಖಾತೆ ಬೇರೆ, ಮನೆ ಖರ್ಚಿನ ಖಾತೆ ಬೇರೆ ಇರಲಿ. ಮೊದಲು ಸೊಸೈಟಿಯ ಬೆಳೆಸಾಲ ತೀರಿಸಿ. 5 ಲಕ್ಷದವರೆಗೆ ಬಡ್ಡಿ ಇಲ್ಲ ಅನ್ನುವುದು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಆಮೇಲೆ ಅಡಿಕೆ ಗೊನೆ ಕೊಯ್ಲು, ಗೊಬ್ಬರ, ಔಷಧಿ ಹೊಡೆಸುವ ಖರ್ಚು ತೆಗೆದಿಡಿ. ಮಳೆ ಬಿಡದಿದ್ದರೆ ಕೊಳೆರೋಗದ ಬೋರ್ಡೋ ಔಷಧಿ ಇನ್ನೊಂದು ಸಲ ಹೊಡೆಸಬೇಕಾಗುತ್ತದೆ, ಅದನ್ನೂ ಸೇರಿಸಿ. ಉಳಿದದ್ದನ್ನು 12 ಭಾಗ ಮಾಡಿ. ಪ್ರತಿ ತಿಂಗಳು 1ನೇ ತಾರೀಖು ಒಂದು ಭಾಗ ಮನೆ ಖಾತೆಗೆ ತಾನಾಗಿ ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಡಿ. ಆ ಮೊತ್ತ ನೋಡಿ ಬೇಜಾರಾಗುತ್ತದೆ, ಇಬ್ಬರೂ ಒಟ್ಟಿಗೆ ಕೂತು ಬೇಜಾರು ಮಾಡಿಕೊಳ್ಳಿ.

ಶಿಕಾರಿಪುರದವರು: ಅಡಿಕೆ ದುಡ್ಡು ಎಫ್‌ಡಿ ಇಟ್ಟರೆ ಟ್ಯಾಕ್ಸ್ ಇದೆಯಾ?

ಆಡಿಟರ್ ಮೇಡಂ: ಸ್ವಂತ ತೋಟದ ಅಡಿಕೆ ಮಾರಿದ್ದು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಎಫ್‌ಡಿಗೆ ಬರುವ ಬಡ್ಡಿ ಕೃಷಿ ಆದಾಯ ಅಲ್ಲ, ಅದನ್ನು ಲೆಕ್ಕದಲ್ಲಿ ತೋರಿಸಬೇಕು. ನಿಮ್ಮ ದುಡ್ಡನ್ನು ಹೆಂಡತಿ ಹೆಸರಿನಲ್ಲಿಟ್ಟರೂ ಬಡ್ಡಿ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಮಂಡಿಯಲ್ಲಿ ಕೊಟ್ಟ ಮಾರಾಟದ ಪಟ್ಟಿ ಎಸೆಯಬೇಡಿ.

ಹೊಸನಗರದವರು: ಮೇಡಂ, ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ಮದುವೆಯಾಗಿ 8 ವರ್ಷ. ನಾನು ಖಾಸಗಿ ಶಾಲೆಯಲ್ಲಿ ಟೀಚರ್, ಸಂಬಳ 14,000. ಮನೆ, ತೋಟ ಮಾವನ ಹೆಸರಿನಲ್ಲಿದೆ. ಹೋದ ವಾರ ತಂಗಿಯ ನಿಶ್ಚಿತಾರ್ಥಕ್ಕೆ ಅಂತ ಬಂಗಾರದ ಅವಲಕ್ಕಿ ಸರದ ಡಬ್ಬಿ ತೆಗೆದೆ. ಗುಲಾಬಿ ಕಾಗದ ಇದೆ, ಹತ್ತಿ ಇದೆ, ಸರ ಇಲ್ಲ. ಹತ್ತಿಯ ಮೇಲೆ ಸರದ ಅಚ್ಚು ಹಾಗೇ ಇತ್ತು. ಕೇಳಿದರೆ ಮನೆಯವರು "ಬ್ಯಾಂಕಲ್ಲಿದೆ" ಅಂದು ತೋಟಕ್ಕೆ ಹೋದರು. ಎರಡು ದಿನ ಬಿಟ್ಟು ಇನ್ನೊಂದು ಬ್ಯಾಂಕಿನಿಂದ ನೋಟಿಸ್ ಬಂತು. ನಾದಿನಿಯ ಗಂಡ ಪಿಕಪ್ ಗಾಡಿಗೆ ಮಾಡಿದ ಸಾಲಕ್ಕೆ ಇವರು ಜಾಮೀನು ನಿಂತಿದ್ದಾರಂತೆ. 6 ಲಕ್ಷ ಬಾಕಿ. ಸರ ಅಡ ಇಟ್ಟದ್ದೂ ಅದರ ಕಂತಿಗೇ. ಮನೆ ಹೋಗುತ್ತದಾ? ನನ್ನ ಸಂಬಳ ಹಿಡಿಯುತ್ತಾರಾ? ನಾನು ಬೇರೆ ಖಾತೆ ಮಾಡಿಕೊಂಡರೆ ತಪ್ಪಾ?

ಸಾಗರದ ಮೇಷ್ಟ್ರು: ಸ್ವಂತ ಭಾವನಿಗೆ ಜಾಮೀನು ಹಾಕದೆ ಇನ್ಯಾರಿಗೆ ಹಾಕುವುದು ತಂಗಿ? ಮನೆ ಕಷ್ಟಕ್ಕೆ ಆಗದ ಬಂಗಾರ ಇದ್ದೇನು ಪ್ರಯೋಜನ?

ಕೊಪ್ಪದವರು: ಮೇಷ್ಟ್ರೇ, ಅದು ಮನೆ ಕಷ್ಟ ಅಲ್ಲ, ನಾದಿನಿ ಮನೆಯ ಪಿಕಪ್ಪು.

ಆಡಿಟರ್ ಮೇಡಂ: ಹೊಸನಗರದವರೇ, ನಿಧಾನಕ್ಕೆ ಓದಿ, ಆಮೇಲೆ ಯಜಮಾನರಿಗೂ ಓದಿಸಿ.

ಜಾಮೀನು ಅಂದರೆ ಸಾಕ್ಷಿ ಸಹಿ ಅಲ್ಲ. 1872ರ ಕರಾರು ಕಾಯ್ದೆ ಪ್ರಕಾರ ಸಾಲ ಮಾಡಿದವನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನಲು ಆಗುವುದಿಲ್ಲ. ಬ್ಯಾಂಕ್ ನೇರ ನಿಮ್ಮ ಮನೆಗೇ ಬರಬಹುದು, ಬಂದಿದೆ.

ನಿಮ್ಮ ಸಂಬಳ, ನಿಮ್ಮೊಬ್ಬರ ಖಾತೆ ಅವರ ಕೈಗೆ ಸಿಗುವುದಿಲ್ಲ, ನೀವು ಎಲ್ಲೂ ಸಹಿ ಮಾಡಿಲ್ಲದಿದ್ದರೆ. ಇದನ್ನು ಸರಿಯಾಗಿ ನೆನಪು ಮಾಡಿಕೊಳ್ಳಿ. "ಇಲ್ಲೊಂದು ಸಹಿ ಹಾಕು" ಅಂತ ಅಡುಗೆಮನೆಗೇ ಕಾಗದ ತಂದಿದ್ದರಾ? ಮನೆ, ತೋಟ ಮಾವ ಸ್ವಂತ ದುಡ್ಡಲ್ಲಿ ಮಾಡಿದ್ದು, ಅವರು ಸಹಿ ಹಾಕಿಲ್ಲ ಅಂದರೆ ಮಗನ ಜಾಮೀನಿಗೆ ಅದು ಹೋಗುವುದಿಲ್ಲ. ಪಾಲಾಗದ ಪಿತ್ರಾರ್ಜಿತ ಆಸ್ತಿಯಾದರೆ ಯಜಮಾನರ ಪಾಲಿನ ಮಟ್ಟಿಗೆ ಕೋರ್ಟ್ ಮೂಲಕ ತೊಂದರೆ ಬರಬಹುದು. ಆದ್ದರಿಂದ ನೋಟಿಸನ್ನು ಕಪಾಟಿನಲ್ಲಿ ಮುಚ್ಚಿಡಬೇಡಿ. ವಕೀಲರಿಗೆ ತೋರಿಸಿ, ಬರವಣಿಗೆಯಲ್ಲೇ ಉತ್ತರ ಕೊಡಿ.

ಗಾಡಿ ಎಲ್ಲಿದೆ? ಓಡುತ್ತಿದೆಯಾ? ನಾದಿನಿಯ ಗಂಡನನ್ನು ಕರೆದುಕೊಂಡೇ ಬ್ಯಾಂಕಿಗೆ ಹೋಗಿ. ಗಾಡಿ ಮಾರಿ ಸಾಲಕ್ಕೆ ಜಮಾ ಮಾಡುವ ಮಾತು ಎತ್ತಿ. ಕಂತು ನಿಂತು 90 ದಿನ ದಾಟಿದರೆ ಅದು ವಸೂಲಾಗದ ಸಾಲದ ಪಟ್ಟಿಗೆ ಹೋಗುತ್ತದೆ. ನಿಮ್ಮ ಯಜಮಾನರ ಸಾಲದ ದಾಖಲೆಯಾದ ಸಿಬಿಲ್‌ಗೂ ಪೆಟ್ಟು. ನಾಳೆ ಮಗಳ ಓದಿಗೆ ಸಾಲ ಕೇಳಲು ಹೋದಾಗ ಈ ಪಿಕಪ್ ಅಲ್ಲಿ ಅಡ್ಡ ನಿಂತಿರುತ್ತದೆ. ಯಜಮಾನರು ಕಟ್ಟಿದ ಪ್ರತಿ ಕಂತಿನ ರಸೀದಿ ಇಡಿ. ಕಟ್ಟಿದ್ದನ್ನು ಸಾಲ ಮಾಡಿದವನಿಂದ ವಾಪಸ್ ಕೇಳುವ ಹಕ್ಕು ಜಾಮೀನುದಾರನಿಗಿದೆ. ಸಂಬಂಧ ಕೆಡುತ್ತದೆ ಅಂತ ಕೇಳುವುದಿಲ್ಲ, ಗೊತ್ತು. ರಸೀದಿ ಇಡಲಿಕ್ಕೇನು?

ಸರದ ಅಡವು ಚೀಟಿ ಹುಡುಕಿ. ವಾಯಿದೆ ದಾಟಿದರೆ ಹರಾಜಿಗೆ ಹಾಕುತ್ತಾರೆ. ಅದೊಂದು ಇವತ್ತೇ ಆಗಬೇಕು.

ಬೇರೆ ಖಾತೆ ಖಂಡಿತ ಮಾಡಿ. ಆದರೆ ಹೇಳಿಯೇ ಮಾಡಿ. ನನ್ನ ಮೇಜಿನ ಮುಂದೆ ಅತ್ತ ಗಂಡ-ಹೆಂಡತಿಯರಲ್ಲಿ ಸೀರೆ ಜಾಸ್ತಿ ತಂದರು, ಬೈಕ್ ತಂದರು ಅಂತ ಅತ್ತವರು ಕಡಿಮೆ. ಕೇಳದೆ ಹಾಕಿದ ಸಹಿಗೆ ಅತ್ತವರೇ ಜಾಸ್ತಿ. ಜಾಮೀನು, ಚೀಟಿ, ಕೈಸಾಲ, ಅಡವು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಇಬ್ಬರೂ ಕೂತು ಬರೆಯಿರಿ. ನಿಮ್ಮ ತವರಿಗೆ ನೀವು ಕೊಟ್ಟದ್ದನ್ನೂ.

ಸಾಗರದ ಮೇಷ್ಟ್ರು: ಹೆಂಡತಿ ಬಂಗಾರ ಗಂಡ ಮುಟ್ಟಬಾರದು ಅಂತ ಯಾವ ಕಾನೂನು ಮೇಡಂ?

ಆಡಿಟರ್ ಮೇಡಂ: ಸ್ತ್ರೀಧನ, ಅಂದರೆ ಮದುವೆಯಲ್ಲಿ, ತವರಿನಿಂದ ಹೆಣ್ಣಿಗೆ ಬಂದ ಬಂಗಾರ, ಹೆಂಡತಿಯ ಸ್ವಂತ ಆಸ್ತಿ, ಗಂಡನಿಗೂ ಸೇರಿದ ಜಂಟಿ ಆಸ್ತಿ ಅಲ್ಲ. ಕಷ್ಟಕ್ಕೆ ಬಳಸಿದರೂ ವಾಪಸ್ ಕೊಡಬೇಕು. 2024ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಿದೆ.

ಕೊಪ್ಪದವರು: ಮೇಷ್ಟ್ರ ಮನೆಯಲ್ಲಿ ಇವತ್ತು ಊಟ ಸಿಗುವುದು ಅನುಮಾನ.

ಸಾಗರದ ಮೇಷ್ಟ್ರು: ವೈಯಕ್ತಿಕ ಮಾತು ಬೇಡ. ತಿಂಗಳಿಗೆ 2,000 ಗೃಹಲಕ್ಷ್ಮಿ ಬಂದ ಮೇಲೆ ಹೆಂಗಸರ ಮಾತಿನ ಧಾಟಿಯೇ ಬೇರೆಯಾಗಿದೆ.

ಕೊಪ್ಪದವರು: ಆ 2,000ದಲ್ಲಿ ನಮ್ಮ ಮನೆಗೆ ಗ್ಯಾಸು, ಅತ್ತೆಯ ಬಿಪಿ ಮಾತ್ರೆ ಬರುತ್ತದೆ. ನಿಮ್ಮ ಇಸ್ಪೀಟಿಗೆ ಬರುವುದಿಲ್ಲ, ಅದಕ್ಕೇ ಸಿಟ್ಟು.

ಸಾಗರದ ಮೇಷ್ಟ್ರು: ನಾನು ಇಸ್ಪೀಟು ಆಡುವುದನ್ನು ನೀವು ಯಾವಾಗ ನೋಡಿದ್ದು?

ಭದ್ರಾವತಿಯವರು: ಮೇಡಂ, ಮಗಳಿಗೆ 9 ವರ್ಷ. ಸುಕನ್ಯಾ ಖಾತೆ ಈಗಲೂ ಮಾಡಬಹುದಾ?

ರಿಪ್ಪನ್‌ಪೇಟೆಯವರು: 🙏 ಬಂದದ್ದು ಹಾಗೇ ಕಳಿಸಿದ್ದೇನೆ. ಶುಕ್ರವಾರ ಪರ್ಸಿನಲ್ಲಿ ಅರಿಶಿನ ಕೊಂಬು ಇಟ್ಟರೆ ಹಣ ನಿಲ್ಲುತ್ತದೆ. ಮಹಿಳೆಯರ ಸಾಲ ಪೂರ್ತಿ ಮನ್ನಾ, ಕೆಳಗಿನ ಲಿಂಕ್ ಒತ್ತಿ, ಆಧಾರ್ ಹಾಕಿ.

ಆಡಿಟರ್ ಮೇಡಂ: ಅರಿಶಿನ ಕೊಂಬು ಇಟ್ಟುಕೊಳ್ಳಿ, ಪರ್ಸು ಹಳದಿಯಾಗುತ್ತದೆ ಅಷ್ಟೇ. ಆ ಲಿಂಕ್ ಯಾರೂ ಒತ್ತಬೇಡಿ. ಅಡ್ಮಿನ್, ಅಳಿಸಿ. ಸಾಲ ಮನ್ನಾ ಆದರೆ ನಿಮ್ಮ ಬ್ಯಾಂಕಿನಲ್ಲಿ ಗೊತ್ತಾಗುತ್ತದೆ, ವಾಟ್ಸಾಪಿನಲ್ಲಿ ಅಲ್ಲ. ಯಾರಾದರೂ ಒತ್ತಿ ಒಟಿಪಿ ಕೊಟ್ಟಿದ್ದರೆ ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ನಾಳೆ ಅಂದರೆ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ.

ರಿಪ್ಪನ್‌ಪೇಟೆಯವರು: ಒಳ್ಳೆಯದಾಗಲಿ ಅಂತ ಹಾಕಿದೆ ಮೇಡಂ.

ಆಡಿಟರ್ ಮೇಡಂ: ಓದಿ ಹಾಕಿ.

ಸೊರಬದವರು: ಅಡಿಕೆ ದುಡ್ಡು ಬ್ಯಾಂಕಲ್ಲಿ ಇಟ್ಟರೆ ಟ್ಯಾಕ್ಸ್ ಬೀಳುತ್ತದಾ?

ಆಡಿಟರ್ ಮೇಡಂ: ಮೇಲೆ ಹೇಳಿದ್ದೇನೆ.

ತೀರ್ಥಹಳ್ಳಿಯವರು: ಮೇಡಂ, ಒಂದೇ ಸೊಸೈಟಿಯಲ್ಲಿ 11 ಲಕ್ಷ ಠೇವಣಿ ಇದೆ, ಪರವಾಗಿಲ್ಲವಾ? ಬಡ್ಡಿ ಜಾಸ್ತಿ ಕೊಡುತ್ತಾರೆ.

ಆಡಿಟರ್ ಮೇಡಂ: ಪರವಾಗಿಲ್ಲ ಅನ್ನಲು ಆಗುವುದಿಲ್ಲ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ನಿಮ್ಮ ಸೊಸೈಟಿಯಂಥ ಪತ್ತಿನ ಸಹಕಾರ ಸಂಘಕ್ಕೆ ಆ ವಿಮೆ ಇಲ್ಲ. ಹಂಚಿ ಇಡಿ. ಅಷ್ಟಿದ್ದೂ ಆಷಾಢಕ್ಕೆ ಮಂಡಿ ಮುಂಗಡ ಯಾಕೆ?

ತೀರ್ಥಹಳ್ಳಿಯವರು: ಅದು ಅಪ್ಪಯ್ಯನ ಹೆಸರಿನದು ಮೇಡಂ. ಮನೆಯವಳಿಗೆ ಗೊತ್ತಿಲ್ಲ.

ಕೊಪ್ಪದವರು: ಈಗ ಗೊತ್ತಾಯಿತು, ಅವರೂ ಈ ಗುಂಪಿನಲ್ಲಿದ್ದಾರೆ.

ಭದ್ರಾವತಿಯವರು: ಸುಕನ್ಯಾ ಬಗ್ಗೆ ಕೇಳಿದ್ದೆ.

ಸಾಗರದ ಮೇಷ್ಟ್ರು: ಇಸ್ಪೀಟಿನ ಮಾತಿಗೆ ಕ್ಷಮೆ ಕೇಳುವವರೆಗೆ ನಾನು ಬಿಡುವುದಿಲ್ಲ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದರೆ ಗುಂಪು ಲಾಕ್ ಮಾಡುತ್ತೇನೆ.

ಆನಂದಪುರದವರು: ಮೇಡಂ, ಅಡಿಕೆ ದುಡ್ಡಿಗೆ ಟ್ಯಾಕ್ಸ್...

ಆಡಿಟರ್ ಮೇಡಂ: ಮೇಲೆ.

ಹೊಸನಗರದವರು: ಮೇಡಂ, ಸರದ ಅಡವು ಚೀಟಿ ಸಿಕ್ಕಿತು. ಪಂಚಾಂಗದ ಒಳಗಿತ್ತು. ವಾಯಿದೆಗೆ ಇನ್ನು 11 ದಿನ. ಮನೆಯವರು ಪಕ್ಕದಲ್ಲೇ ಕೂತಿದ್ದಾರೆ, ಏನೂ ಮಾತಾಡುತ್ತಿಲ್ಲ. ಫೋಟೋ ಹಾಕಲಾ?

ಆಡಿಟರ್ ಮೇಡಂ: ಗುಂಪಿಗೆ ಹಾಕಬೇಡಿ, ನನ್ನ ನಂಬರಿಗೆ ಕಳಿಸಿ. ನಾಳೆ ಬ್ಯಾಂಕ್ ತೆರೆಯುವ ಹೊತ್ತಿಗೆ ಇಬ್ಬರೂ ಹೋಗಿ. ಬಡ್ಡಿ ಕಟ್ಟಿದರೆ ವಾಯಿದೆ ಮುಂದೆ ಹಾಕುತ್ತಾರಾ ಅಂತ ಮೊದಲು ಕೇಳಿ. ಶಾಲೆಗೆ ಅರ್ಧ ದಿನ ರಜೆ ಹಾಕಿ. ಅವರೊಬ್ಬರನ್ನೇ ಕಳಿಸಬೇಡಿ.