ಮಗನ ಹೆಸರಿಗೆ ಬಂದ ಪೊಟ್ಟಣದಲ್ಲಿ ಇ-ಸಿಗರೇಟು: ತಡೆಯುವುದು ಹೇಗೆ?

ಪ್ರಶ್ನೆ (ಕದ್ರಿ, ಮಂಗಳೂರು):
ಕಳೆದ ವಾರ ನಮ್ಮ ಹದಿನಾರು ವರ್ಷದ ಮಗನ ಹೆಸರಿಗೆ ಬಂದ ಪೊಟ್ಟಣವನ್ನು ಬಿಚ್ಚಿದಾಗ, ನೋಡಲು ಪೆನ್‌ಡ್ರೈವ್‌ನಂತಿದ್ದ, ಮಾವಿನ ಹಣ್ಣಿನ ಪರಿಮಳದ ವೇಪ್, ಅಂದರೆ ಇ-ಸಿಗರೇಟು, ಸಿಕ್ಕಿತು. ತಂದುಕೊಟ್ಟವರು ವಯಸ್ಸನ್ನು ವಿಚಾರಿಸಲೇ ಇಲ್ಲ. ಇದಕ್ಕೆ ಕಾನೂನಿನ ತಡೆ ಇಲ್ಲವೇ?

ಉತ್ತರ (ವಕೀಲರು, ಮಂಗಳೂರು):
ಖಂಡಿತ ಇದೆ. 2019ರ ಇ-ಸಿಗರೇಟು ನಿಷೇಧ ಕಾಯ್ದೆಯ ಪ್ರಕಾರ ಇದರ ತಯಾರಿಕೆ, ಆಮದು, ಸಾಗಾಟ, ದಾಸ್ತಾನು, ಜಾಹೀರಾತು, ಆನ್‌ಲೈನ್ ಮಾರಾಟ ಎಲ್ಲವೂ ಅಪರಾಧವಾಗಿದ್ದು, ವಯಸ್ಕರಿಗೂ ಮಾರುವಂತಿಲ್ಲ. ಮಾರಿದವರಿಗೆ ಮೊದಲ ಬಾರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಪೊಟ್ಟಣವನ್ನೂ ಅದರ ಮೇಲಿನ ವಿಳಾಸದ ಚೀಟಿಯನ್ನೂ ಎಸೆಯದೆ ಠಾಣೆಗೆ ಒಯ್ದು ದೂರು ಕೊಡಿ.

ಉತ್ತರ (ಶಿಕ್ಷಕಿ, ಉಡುಪಿ):
ಸಿಗರೇಟಿನ ವಿಷಯವೇ ಬೇರೆ. ಶಾಲೆಯಿಂದ 100 ಗಜದೊಳಗೆ ಅದನ್ನು ಮಾರಬಾರದೆಂದು 2003ರ ತಂಬಾಕು ನಿಯಂತ್ರಣ ಕಾಯ್ದೆ ಹೇಳುತ್ತದೆ; ಆದರೆ ಮೊಬೈಲಿನಲ್ಲಿ ತರಿಸುವುದಕ್ಕೆ ಯಾವ ಗಜದ ಅಳತೆ? ‘ನಾನು ವಯಸ್ಕ’ ಎಂಬ ಚೌಕವನ್ನು ಒತ್ತಿದರೆ ಸಾಕೆಂಬ ವ್ಯವಸ್ಥೆಯನ್ನು ನಾನು ಒಪ್ಪಲಾರೆ. ಬಾಗಿಲಲ್ಲಿ ಗುರುತಿನ ಚೀಟಿ ನೋಡದೆ ಕೊಡಲೇಬಾರದು.

ಉತ್ತರ (ಮಣಿಪಾಲ):
ಮಗನನ್ನು ಗದರಿಸಬೇಡಿ. ಬಿಡಲು ನೆರವು ಬೇಕಿದ್ದರೆ ತಂಬಾಕು ತ್ಯಜಿಸುವವರ ಉಚಿತ ಸಹಾಯವಾಣಿ 1800-11-2356 ಇದೆ.