ಹಯೇಟಸ್: ವಿರಾಮವೋ, ಬಿಡುವೋ, ತೆರಪೋ?

> ಒಂದು ಸರಣಿ ಕೆಲವು ಕಾಲ ಬರುವುದಿಲ್ಲ ಅನ್ನುವ ಪ್ರಕಟಣೆಯನ್ನು ಕನ್ನಡಕ್ಕೆ ಮಾಡಬೇಕಿದೆ. ಮೂಲದಲ್ಲಿ 'ಹಯೇಟಸ್' (hiatus) ಅಂತಿದೆ. 'ವಿರಾಮ' ಹಾಕಿದರೆ ಮುಗಿದೇಹೋಯಿತು ಅನ್ನಿಸುತ್ತದೆ. ಸಂಜೆಯೊಳಗೆ ಬೇಕು, ದಯವಿಟ್ಟು ತಿಳಿಸಿ.

>> ವಿವೃತ್ತಿ. ವೇದಗಳ ಉಚ್ಚಾರಣೆ ಹೇಳುವ ಹಳೆಯ ಗ್ರಂಥಗಳಾದ ಪ್ರಾತಿಶಾಖ್ಯಗಳಲ್ಲೇ ಇದೆ. ಹೊಸದಾಗಿ ಹುಡುಕಬೇಕಿಲ್ಲ.

>> ನಡುಬಿಡುವು. ಅಚ್ಚಗನ್ನಡವಿರುವಾಗ ಸಂಸ್ಕೃತ ಯಾಕೆ?

ಮೊದಲು ತುರ್ತಿನ ಕೆಲಸ. 'ಸರಣಿಯನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ' ಅಂತ ಬರೆಯಿರಿ. ಮೂಲದಲ್ಲಿ ನಾಮಪದ ಇದೆ ಅಂತ ಕನ್ನಡದಲ್ಲೂ ನಾಮಪದವೇ ಬೇಕಿಲ್ಲ. ಬ್ರೇಕ್ ಅಂದರೆ ಚಿಕ್ಕದು, ಯಾವಾಗ ಮುಗಿಯುತ್ತದೆ ಅಂತ ಸಾಮಾನ್ಯವಾಗಿ ಗೊತ್ತಿರುತ್ತದೆ. ಗ್ಯಾಪ್ ತಾನಾಗಿಯೂ ಬೀಳಬಹುದು. ಹಯೇಟಸ್ ಅಂದರೆ ಹಿಂದೆ ನಡೆಯುತ್ತಿತ್ತು, ಮುಂದೆಯೂ ನಡೆಯಬಹುದು, ಯಾವಾಗ ಅಂತ ಹೇಳಲಾಗದು. ಇಷ್ಟೂ 'ಸದ್ಯಕ್ಕೆ' ಅನ್ನುವುದರಲ್ಲೇ ಬಂತು.

'ವಿವೃತ್ತಿ' ಇಲ್ಲಿ ನಡೆಯುವುದಿಲ್ಲ. ಅದು ವ್ಯಾಕರಣದ ಹಯೇಟಸ್ ಮಾತ್ರ: ಎರಡು ಸ್ವರ ಪಕ್ಕಪಕ್ಕ ಬಂದು ಸಂಧಿಯಾಗದೆ ಉಳಿಯುವುದು. ಪ್ರಕಟಣೆಯಲ್ಲಿ ಹಾಕಿದರೆ ಜನ 'ನಿವೃತ್ತಿ' ಅಂತಲೇ ಓದಿಕೊಳ್ಳುತ್ತಾರೆ, ಅರ್ಥ ತಲೆಕೆಳಗಾಗುತ್ತದೆ. ಅಲ್ಲದೆ ಕನ್ನಡಕ್ಕೆ ಆ ಸ್ಥಿತಿಯೇ ಅಷ್ಟಾಗಿ ಒಗ್ಗುವುದಿಲ್ಲ ಅಲ್ವಾ? ಮನೆಯಲ್ಲಿ, ಗುರುವನ್ನು ಅಂತ ಯಕಾರವನ್ನೋ ವಕಾರವನ್ನೋ ನಡುವೆ ತಂದು ಕೂರಿಸುತ್ತೇವೆ. 'ಆಹಾ ಎಷ್ಟು ಚೆಂದ' ಅನ್ನುವಂಥ ಪ್ರಕೃತಿಭಾವದ, ಅಂದರೆ ಸಂಧಿಯಾಗದ ಕಡೆ ಮಾತ್ರ ಹಾಗೇ ಬಿಡುತ್ತೇವೆ. ಹಯೇಟಸ್ ಪದವನ್ನೇ ನೋಡಿ. ಇಂಗ್ಲಿಷಿನಲ್ಲಿ ಅದರ ಒಳಗೇ ಎರಡು ಸ್ವರ ತಾಗಿಕೊಂಡಿವೆ. ಕನ್ನಡದಲ್ಲಿ ಬರೆಯುವ ಹೊತ್ತಿಗೆ ಯಕಾರ ಬಂದು ಸೇರಿತು. ರೇಡಿಯೋದಲ್ಲೂ ಅದೇ ಆಗಿದೆ.

ನಾಮಪದವೇ ಬೇಕು ಅನ್ನುವವರು 'ತೆರಪು' ಯಾಕೆ ಮರೆತಿರಿ? ತೆರೆ ಧಾತುವಿನಿಂದ ಬಂದದ್ದು, ಹಳಗನ್ನಡದಲ್ಲಿ ತೆಱಪು. ಹಯೇಟಸ್‌ನ ಲ್ಯಾಟಿನ್ ಬೇರಿಗೂ ಬಾಯಿ ತೆರೆ ಅನ್ನುವುದೇ ಅರ್ಥ. ಕುಮಾರವ್ಯಾಸನ 'ಕಾಲಿಡಲು ತೆರಪಿಲ್ಲ' ಯಾರಿಗೆ ಗೊತ್ತಿಲ್ಲ? ಅಲ್ಲಿ ಅದು ಜಾಗ. ಬೇರೆ ಕಡೆ ಅದೇ ಪದ ಹೊತ್ತಿಗೂ ಬಿಡುವಿಗೂ ಬಳಕೆಯಾಗಿದೆ. ಎರಡನ್ನೂ ಹಿಡಿಯುವ ಪದ ಕೈಯಲ್ಲಿರುವಾಗ ನಡುಬಿಡುವು ಕಟ್ಟುವುದು ಸುಮ್ನೆ ಶ್ರಮ.

ಆದರೂ ತೆರಪನ್ನು ಎಲ್ಲ ಕಡೆ ತುರುಕಬೇಡಿ. ವೈದ್ಯಕೀಯದ ಹಯೇಟಸ್ ಒಂದು ಕಂಡಿ. ಅನ್ನನಾಳ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರ) ದಾಟಿ ಹೊಟ್ಟೆಗೆ ಇಳಿಯುವುದು ಅದರ ಮೂಲಕ. ಜಠರದ ಮೇಲ್ಭಾಗ ಅದೇ ಕಂಡಿಯಿಂದ ಎದೆಯತ್ತ ನುಗ್ಗಿದರೆ ಹಯೇಟಸ್ ಹರ್ನಿಯಾ. ಅಲ್ಲಿ ಇಂಗ್ಲಿಷ್ ಹೆಸರು ಇರಲಿ, ವಿವರಣೆಯಲ್ಲಿ ಕಂಡಿ ಅನ್ನಿ. ಭೂವಿಜ್ಞಾನದಲ್ಲಿ ಇನ್ನೂ ಹುಷಾರಾಗಿರಬೇಕು. ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್‌ನಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ 1788ರಲ್ಲಿ ನೋಡಿದ ಬಂಡೆಗಳಲ್ಲಿ ಕೆಳಗಿನ ಪದರಕ್ಕೂ ಮೇಲಿನದಕ್ಕೂ ಸುಮಾರು 6.5 ಕೋಟಿ ವರ್ಷಗಳ ಅಂತರವಿದೆ. ಪದರಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡೇ ಇವೆ. ಇಲ್ಲಿ 'ಬಿರುಕು' ಅಂತ ಅನುವಾದಿಸುವುದು ಶುದ್ಧ ತಪ್ಪು. ಕಾಣೆಯಾಗಿರುವುದು ಎರಡು ಪದರಗಳ ನಡುವಿನ ಕಾಲ. 'ಕಾಲದ ತೆರಪು' ಅನ್ನಬಹುದು.

'ಹಯೇಟಸ್ ಅಂತಲೇ ಬಿಡಿ' ಅನ್ನುವವರಿಗೂ ಒಂದು ಮಾತು. ಬ್ರೇಕ್, ಗ್ಯಾಪ್ ಜನರ ಬಾಯಲ್ಲಿವೆ, ಅವು ಕನ್ನಡವೇ ಆಗಿವೆ. ಅವನ್ನು ಓಡಿಸಲು ಹೊರಡುವವರ ಜತೆ ನಾನಿಲ್ಲ. ಹಯೇಟಸ್ ಯಾರ ಬಾಯಲ್ಲಿದೆ? ಯಾರೂ ಆಡದ ಪದವನ್ನು ಅನುವಾದಕರು ತಂದು ಹೇರಿದರೆ ಅದು ಎರವಲು ಅಲ್ಲ, ಅರ್ಧಕ್ಕೆ ಬಿಟ್ಟ ಅನುವಾದ.

ಪ್ರಶ್ನೆ ಕೇಳಿದವರೇ, ಶೀರ್ಷಿಕೆಗೆ ಜಾಗ ಕಡಿಮೆ ಇದ್ದರೆ 'ಸದ್ಯಕ್ಕಿಲ್ಲ' ಸಾಕು. ಮತ್ತೆ ಶುರುವಾಗುವುದು ಖಚಿತವಿದ್ದರೆ ಮಾತ್ರ ಅದರ ಕೆಳಗೆ 'ಮತ್ತೆ ಬರಲಿದೆ' ಸೇರಿಸಿ.